ಅತ್ತೆಯ ಹಲಗೆ, ನನ್ನ ಓದು

ಒಂದನೇ ತಾರೀಖು, ಸೋಮವಾರ

ಇಂದಿನಿಂದ ಮೂರು ವಾರ ಅತ್ತೆ ಮಾತಾಡುವುದಿಲ್ಲ. ಬರೆದ ಮೇಲೆ ನಂಬಿಕೆ ಬಾರದೆ ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಂಡೆ.

ಪ್ರಾಥಮಿಕ ಶಾಲೆಯಲ್ಲಿ ಮೂವತ್ತೈದು ವರ್ಷ ಮಕ್ಕಳನ್ನು ಕೂಗಿ ಕೂಗಿ ಅವರ ಗಂಟಲಿನಲ್ಲಿ ಗಂಟು ಬೆಳೆದಿತ್ತು. ಬೆಳಗ್ಗೆ ಅದನ್ನು ತೆಗೆದರು. “ಮಾತು ಬೇಡ. ಪಿಸುಮಾತಂತೂ ಬೇಡವೇ ಬೇಡ, ಅದು ಕೂಗೋದಕ್ಕಿಂತ ಕೆಟ್ಟದ್ದು,” ಎಂದರು ಗಂಟಲು ಡಾಕ್ಟರು. ಅತ್ತೆ ಬಾಯಿ ತೆರೆದರು. ಡಾಕ್ಟರು ಬೆರಳೆತ್ತಿದರು. ಅತ್ತೆ ಬಾಯಿ ಮುಚ್ಚಿದರು. ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ನಾನು ಇಂಥ ದೃಶ್ಯ ಕಂಡಿರಲಿಲ್ಲ.

ಮಾವನದು ಇನ್ನೊಂದು ಕಥೆ. ಹೋದ ತಿಂಗಳು ಅವರ ಎರಡೂ ಕಣ್ಣಿನ ಪೊರೆ ತೆಗೆಸಿದ್ದೇವೆ. ಎದುರುಮನೆಯ ಮಹಡಿಯಲ್ಲಿ ಒಣಹಾಕಿದ ಅಂಗಿಯ ಗುಂಡಿ ಎಣಿಸುತ್ತಾರೆ. ಕೈಯಲ್ಲಿ ಹಿಡಿದ ಪತ್ರಿಕೆಯ ತಲೆಬರಹ ಮಾತ್ರ ಕಾಣುವುದಿಲ್ಲ. ಓದುವ ಕನ್ನಡಕ ಬರುವುದು ಮುಂದಿನ ತಿಂಗಳು.

ಹೀಗಾಗಿ ಮನೆಯಲ್ಲಿ ಒಬ್ಬರು ಮಾತಾಡುವಂತಿಲ್ಲ, ಬರೆಯುತ್ತಾರೆ. ಇನ್ನೊಬ್ಬರು ಓದುವಂತಿಲ್ಲ, ಮಾತಾಡುತ್ತಾರೆ. ಐವತ್ತೊಂದು ವರ್ಷದಿಂದ ದಿನಕ್ಕೆ ನಾಲ್ಕು ಜಗಳ ತಪ್ಪಿಸದ ದಂಪತಿ. ನಡುವೆ, ಬರೆದದ್ದನ್ನು ಓದಿ ಹೇಳಲು ಮೂರು ವಾರ ರಜೆ ಹಾಕಿರುವ ನಾನು.

ನನ್ನ ಯಜಮಾನರು, ಅಂದರೆ ಇವರು, ತಮ್ಮ ಫೋನು ಕೊಟ್ಟು “ಇದರಲ್ಲಿ ಟೈಪ್ ಮಾಡಮ್ಮ” ಎಂದರು. ಅತ್ತೆ ಅದನ್ನು ಪಕ್ಕಕ್ಕೆ ತಳ್ಳಿ, ಟ್ರಂಕಿನಿಂದ ಶಾಲೆಯ ಹಳೆಯ ದೊಡ್ಡ ಹಲಗೆ, ಬಳಪ ತೆಗೆಸಿಕೊಂಡರು. ಮೊದಲ ವಾಕ್ಯ: “ಫೋನಿನಲ್ಲಿ ಅಕ್ಷರ ಕೆಡುತ್ತದೆ.”

ಇನ್ನೊಂದು ವಿಷಯ. ಇದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ. ಕಳೆದ ತಿಂಗಳು ಇಪ್ಪತ್ತೆಂಟಕ್ಕೆ ನನಗೊಂದು ಪತ್ರ ಬಂದಿದೆ. ಬೇರೆ ಊರಿನಲ್ಲಿ ಮಕ್ಕಳಿಗಾಗಿ ಒಂದು ನಿಘಂಟು ಮಾಡುತ್ತಿದ್ದಾರೆ. ಐದು ತಿಂಗಳು ಅಲ್ಲಿದ್ದು ಅದರ ಮುಖ್ಯ ಸಂಪಾದಕಿ ಆಗಬೇಕಂತೆ. ಪಠ್ಯಪುಸ್ತಕ ಕಚೇರಿಯಲ್ಲಿ ಇಪ್ಪತ್ತು ವರ್ಷ ಬೇರೆಯವರ ವಾಕ್ಯ ತಿದ್ದುತ್ತ ಕೂತವಳಿಗೆ ಇಂಥದ್ದು ಮತ್ತೊಮ್ಮೆ ಬರುವುದಿಲ್ಲ. ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಕೊಡಬೇಕು. ಇವರಿಗೆ ಹೇಳಿಲ್ಲ. ಹನ್ನೊಂದು ವರ್ಷದ ಹಿಂದೆ ಹೀಗೇ ಒಂದು ಅವಕಾಶ ಬಂದಾಗ ಹೇಳಿದ್ದೆ. ಇವರು “ಸರಿ” ಎಂದು ಸ್ನಾನಕ್ಕೆ ಹೋದರು. ಆ ಒಂದು ಪದದಲ್ಲಿ ಎಷ್ಟು ಬೇಸರ, ಎಷ್ಟು ನಿರಾಕರಣೆ ಇತ್ತೆಂದು ನನಗೆ ಗೊತ್ತು. ಕವಿತೆ ಓದುವವಳಿಗೆ ಅಷ್ಟೂ ತಿಳಿಯದೆ? ನಾನು ಹೋಗಲಿಲ್ಲ.

ಪತ್ರ ಸದ್ಯಕ್ಕೆ ಒಂದು ಕವನ ಸಂಕಲನದೊಳಗೆ ಮಲಗಿದೆ.

ಮೂರು, ಬುಧವಾರ

ಇವತ್ತು ಒಂದು ಸಣ್ಣ ಅಪರಾಧ ಮಾಡಿದೆ.

ಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ. ಅತ್ತೆ ಹಜಾರದ ಈ ತುದಿಯ ಮಂಚದ ಮೇಲೆ. ಅತ್ತೆ ತರಗತಿಯಲ್ಲಿ ಮಾಡುತ್ತಿದ್ದಂತೆಯೇ ಎರಡು ಬೆರಳೆತ್ತರದ ಅಕ್ಷರ ಬರೆದು, ಎರಡೂ ಕೈಯಲ್ಲಿ ಹಲಗೆಯನ್ನು ತಲೆಯ ಮೇಲೆತ್ತಿ ಹಿಡಿಯುತ್ತಾರೆ. ನಾನು ಓದುತ್ತೇನೆ.

ಮಾವ ಹೊಸ ಕಣ್ಣಿನಿಂದ ಬಹಳ ಹೊತ್ತು ಹೆಂಡತಿಯನ್ನು ನೋಡಿ, “ನಿನ್ನ ಕೆನ್ನೆ ಮೇಲೆ ಮಚ್ಚೆ ಇತ್ತೇನೇ?” ಎಂದರು.

ಹಲಗೆ ಮೇಲಕ್ಕೆ ಹೋಯಿತು: “ಮದುವೆಯ ದಿನವೂ ಇತ್ತು. ಆಗ ನಿಮ್ಮ ಕಣ್ಣು ನನ್ನ ಅಕ್ಕನ ಮೇಲಿತ್ತು.”

ನಾನು ಗಂಟಲು ಸರಿ ಮಾಡಿಕೊಂಡು ಓದಿದೆ: “ಇತ್ತಂತೆ.”

ಅತ್ತೆ ನನ್ನ ಕಡೆ ತಿರುಗಿದರು. ಆ ನೋಟಕ್ಕೆ ಮೂರನೇ ತರಗತಿಯ ಎಷ್ಟು ಮಕ್ಕಳು ಚಡ್ಡಿ ಒದ್ದೆ ಮಾಡಿಕೊಂಡಿದ್ದರೋ. ಬರಬರನೆ ಒರೆಸಿ ಬರೆದರು: “ಬರೆದದ್ದನ್ನು ಓದು!”

“ಕಣ್ಣಿಗೆ ಹನಿ ಹಾಕ್ಕೊಳ್ಳೋ ಹೊತ್ತಾಯ್ತಂತೆ ಮಾವ,” ಎಂದೆ.

ಹೊತ್ತಾಗಿತ್ತು ಕೂಡ. ಪೂರ್ತಿ ಸುಳ್ಳೇನಲ್ಲ.

ಐದು, ಶುಕ್ರವಾರ

ತಿದ್ದುವುದೂ ಒಂದು ಚಟ, ಒಮ್ಮೆ ಹಿಡಿದರೆ ಬಿಡುವುದಿಲ್ಲ. ಮೂರು ದಿನದಲ್ಲಿ ಕೈ ಚೆನ್ನಾಗಿ ಕುದುರಿದೆ. “ಆ ರೇಡಿಯೋ ನಿಲ್ಲಿಸದಿದ್ದರೆ ಕಿಟಕಿಯಿಂದ ಆಚೆ ಎಸೆಯುತ್ತೇನೆ” ಎಂಬುದು ನನ್ನ ಬಾಯಲ್ಲಿ “ಸ್ವಲ್ಪ ಮಲಗಬೇಕಂತೆ” ಆಯಿತು. “ನಿಮ್ಮ ತಮ್ಮ ಬಂದರೆ ನಾನು ಎದ್ದು ಕೂರುವುದಿಲ್ಲ” ಎಂಬುದು “ಚಿಕ್ಕಮಾವ ಬರ್ತಾರಾ ಅಂತ ಕೇಳ್ತಿದ್ದಾರೆ” ಆಯಿತು. ಮನೆ ಎಷ್ಟು ಶಾಂತವಾಗಿದೆ ಎಂದರೆ ಗಡಿಯಾರದ ಸದ್ದು ಕೇಳಿಸುತ್ತಿದೆ. ಈ ಗಡಿಯಾರ ಸದ್ದು ಮಾಡುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಅತ್ತೆ ಈಗ ಜಗಳ ಬಿಟ್ಟು ಅಂಕ ಕೊಡಲು ಶುರುಮಾಡಿದ್ದಾರೆ. ನಾನು ಓದಿ ಮುಗಿಸಿದ ಕೂಡಲೇ ಹಲಗೆಯ ಮೂಲೆಯಲ್ಲಿ “೧೦ಕ್ಕೆ ೨” ಎಂದು ಬರೆದು ತೋರಿಸುತ್ತಾರೆ. ರೇಡಿಯೋಗೆ ಸೊನ್ನೆ.

ಮಾವ ತಮ್ಮ ಕೆಲಸದ ಕಥೆ ಹೇಳಿದರು. ಮೂವತ್ತೆರಡು ವರ್ಷ ನ್ಯಾಯಾಲಯದಲ್ಲಿ ಸಾಕ್ಷಿಗಳ ಮಾತನ್ನು ಬೆರಳಚ್ಚು ಮಾಡಿದವರು. “ಸಾಕ್ಷಿ ಬೈದ್ರೆ ಬೈಗುಳನೇ ಹೊಡೀಬೇಕು, ಕೆಮ್ಮಿದ್ರೆ ಕೆಮ್ಮಿದ ಅಂತ ಹೊಡೀಬೇಕು. ನನ್ನ ಕಡೆಯಿಂದ ಒಂದು ‘ದಯವಿಟ್ಟು’ ಸೇರಿಸಿದ್ರೂ ಕೆಲಸ ಹೋಗ್ತಿತ್ತು ಕಣಮ್ಮ.” ಅದನ್ನು ಇವತ್ತೇ ಯಾಕೆ ಹೇಳಿದರೋ. ವಯಸ್ಸಾದವರಿಗೆ ಹಳೆಯದು ಹೇಗೆ ಹೇಗೋ ನೆನಪಾಗುತ್ತದೆ.

ಎಂಟು, ಸೋಮವಾರ

ಮಾವ ಒಬ್ಬರೇ ಉದ್ಯಾನದವರೆಗೆ ನಡೆದು ಹೋಗಿಬರುತ್ತೇನೆಂದು ಹಟ ಹಿಡಿದರು. ಅತ್ತೆ ತಲೆಯಾಡಿಸಿದರು, ಕೈಯಾಡಿಸಿದರು, ಕೊನೆಗೆ ಬಳಪ ಮುರಿಯುವಷ್ಟು ಒತ್ತಿ ಬರೆದರು: “ಹೋಗಲಿ. ಬಸ್ಸಿನಡಿ ಬಿದ್ದರೆ ಆ ಹೊಸ ಕಣ್ಣು ಎರಡನ್ನೂ ಡಾಕ್ಟರಿಗೆ ವಾಪಸ್ ಕೊಟ್ಟು ಬೀಳಲಿ.”

“ಜಾಗ್ರತೆಯಾಗಿ ಹೋಗಿಬನ್ನಿ ಅಂತಿದ್ದಾರೆ,” ಎಂದೆ. ಇದಕ್ಕೆ ನಾನೇ ನನಗೆ ಒಂಬತ್ತು ಅಂಕ ಕೊಟ್ಟುಕೊಂಡೆ. ಬೈಗುಳದ ಒಳಗಿದ್ದ ಪ್ರೀತಿಯನ್ನಷ್ಟೇ ಸೋಸಿ ತೆಗೆದಿದ್ದೆ.

ಮುಕ್ಕಾಲು ಗಂಟೆ ಅತ್ತೆ ಬಾಗಿಲನ್ನೇ ನೋಡುತ್ತ ಕೂತಿದ್ದರು. ಮಾವ ಕಪ್ಪು ಕನ್ನಡಕ ತೆಗೆಯುತ್ತ ಒಳಗೆ ಬಂದು, “ಬಸ್ಸು ಸಿಗಲಿಲ್ಲ ಅಂತ ಹೇಳಮ್ಮ ಅವಳಿಗೆ,” ಎಂದರು.

ನಡೆದು ಹೋದವರಿಗೆ ಬಸ್ಸು ಯಾಕೆ ಬೇಕಿತ್ತು ಎಂದು ತಿಳಿಯಲಿಲ್ಲ. ಪಾಪ, ಬಿಸಿಲಿಗೆ ಸುಸ್ತಾಗಿರಬೇಕು. ನೀರು ಕೊಟ್ಟೆ.

ಒಂಬತ್ತು, ಮಂಗಳವಾರ

ಪತ್ರಕ್ಕೆ ಉತ್ತರ ಬರೆಯಲು ಕೂತೆ. ಎರಡು ಬರೆದೆ, ಬರುತ್ತೇನೆ ಎಂದು ಒಂದು, ಬರಲಾಗುವುದಿಲ್ಲ ಎಂದು ಒಂದು. ಎರಡನೆಯದರ ಭಾಷೆ ಬಹಳ ಚೆನ್ನಾಗಿ ಬಂತು. ಎರಡನ್ನೂ ಹರಿದೆ.

ಹನ್ನೊಂದು, ಗುರುವಾರ

ಇವರು ನೀರು ಸರಬರಾಜು ಕಚೇರಿಯ ಎಂಜಿನಿಯರು. ಊರಿನ ಮೇಲ್ಭಾಗಕ್ಕೆ ಹೋಗುವ ದೊಡ್ಡ ಕೊಳವೆ ಮೂರು ದಿನದ ಹಿಂದೆ ಒಡೆದಿದೆ. ಬೆಳಗಿನಿಂದ ಸಂಜೆವರೆಗೆ ಜನ ಫೋನಿನಲ್ಲಿ ಇವರನ್ನು ಬೈಯುತ್ತಾರೆ. ಮನೆಗೆ ಬಂದರೆ ಮುಖ ಒಣಗಿದ ತೊಟ್ಟಿಯ ಹಾಗಿರುತ್ತದೆ.

ಇವತ್ತು ಧೈರ್ಯ ಮಾಡಿದೆ. “ರೀ, ಒಂದು ವಿಷಯ ಇತ್ತು.”

“ಅರ್ಜೆಂಟಾ?”

“ಅರ್ಜೆಂಟೇನಿಲ್ಲ.”

“ಹಾಗಾದ್ರೆ ಭಾನುವಾರ ಮಾತಾಡೋಣ ಕಣೇ. ಇವತ್ತು ತಲೆಯೊಳಗೆ ಬರೀ ಕೆಸರು.”

ಎಷ್ಟು ನಯವಾಗಿ ತಪ್ಪಿಸಿಕೊಂಡರು! ಇವರಿಗೆ ಹೇಗೋ ವಾಸನೆ ಹತ್ತಿರಬೇಕು. ‘ಭಾನುವಾರ’ ಎಂದರೆ ಎಂದೂ ಇಲ್ಲ ಎಂದರ್ಥ. ‘ಕೆಸರು’ ಎಂಬ ಪದವನ್ನೇ ಯಾಕೆ ಆರಿಸಿಕೊಂಡರು ಎಂದು ಊಟ ಮುಗಿಯುವವರೆಗೂ ಯೋಚಿಸಿದೆ.

ಅತ್ತೆ ಬೇಸರ ಕಳೆಯಲು ನನ್ನ ಕವಿತೆ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದಾರೆ. ಇವತ್ತಿನ ವಿಮರ್ಶೆ: “ಅರ್ಧರ್ಧ ಪುಟ ಖಾಲಿ ಬಿಟ್ಟಿದ್ದಾರೆ. ಕಾಗದ ದಂಡ.”

ಹದಿನಾಲ್ಕು, ಭಾನುವಾರ

ಇವತ್ತು ನಡೆದದ್ದನ್ನು ನಡೆದ ಹಾಗೆಯೇ ಬರೆದಿಡಬೇಕು.

ಬೆಳಗ್ಗೆ ಹತ್ತೂವರೆ. ಇವರು ಹಜಾರದ ನೆಲದ ಮೇಲೆ ಹಳೇ ಪತ್ರಿಕೆ ಹರಡಿಕೊಂಡು, ನಮಗೆ ಬೆನ್ನು ಹಾಕಿ, ಕೆಟ್ಟುಹೋದ ಮಿಕ್ಸಿ ಬಿಚ್ಚುತ್ತಿದ್ದರು. ಮಾವ ಕಿಟಕಿಯ ಬಳಿ. ಅತ್ತೆ ಬಹಳ ಹೊತ್ತು ಬರೆದರು. ಹಲಗೆ ಎತ್ತಿದರು.

“ಇವಳಿಗೆ ಬೇರೆ ಊರಿನಿಂದ ಕೆಲಸದ ಕಾಗದ ಬಂದಿದೆ. ಇಪ್ಪತ್ತಕ್ಕೆ ಉತ್ತರ ಕೊಡಬೇಕು. ಗಂಡನಿಗೆ ಹೇಳದೆ ಪುಸ್ತಕದೊಳಗೆ ಬಚ್ಚಿಟ್ಟಿದ್ದಾಳೆ.”

ನಾನು ಮೊದಲು ಇವರ ಬೆನ್ನು ನೋಡಿದೆ.

“ಅಮ್ಮಂದು ಏನಂತೆ?” ಎಂದರು ಇವರು, ತಿರುಗದೆ.

“ಅಡುಗೆಮನೆ ನಲ್ಲಿ ಸೋರ್ತಿದೆಯಂತೆ,” ಎಂದೆ.

ನೀರಿನ ಎಂಜಿನಿಯರಿಗೆ ಇದಕ್ಕಿಂತ ದೊಡ್ಡ ಕರೆ ಉಂಟೆ? ಸ್ಪ್ಯಾನರ್ ಹಿಡಿದು ಎದ್ದೇ ಹೋದರು.

ಆಗ ಕಿಟಕಿಯ ಕಡೆಯಿಂದ ಒಂದು ದನಿ ಬಂತು. ಏರಿಳಿತವಿಲ್ಲದ, ಕಚೇರಿಯ ದನಿ. “ಇವಳಿಗೆ ಬೇರೆ ಊರಿನಿಂದ ಕೆಲಸದ ಕಾಗದ ಬಂದಿದೆ. ಇಪ್ಪತ್ತಕ್ಕೆ ಉತ್ತರ ಕೊಡಬೇಕು. ಗಂಡನಿಗೆ ಹೇಳದೆ ಪುಸ್ತಕದೊಳಗೆ ಬಚ್ಚಿಟ್ಟಿದ್ದಾಳೆ.”

“ಮಾವ! ನಿಮಗೆ ಕಾಣತ್ತಾ?”

“ಮೂಗಿನ ಹತ್ರ ಹಿಡಿದ್ರೆ ಕಾಣಲ್ಲ. ಅವಳು ಕೂತಿರೋದು ಹನ್ನೆರಡು ಅಡಿ ದೂರ, ಅಕ್ಷರ ನೋಡಿದ್ರೆ ಅಂಗಡಿ ಬೋರ್ಡಿನ ಹಾಗಿದೆ. ಮೊದಲನೇ ದಿನದಿಂದಲೂ ಕಾಣತ್ತೆ.” ಬೆರಳು ಮಡಚುತ್ತ ಎಣಿಸತೊಡಗಿದರು. “ಮೂರನೇ ತಾರೀಖು, ಮೂಲ ಪ್ರತಿ: ಆಗ ನಿಮ್ಮ ಕಣ್ಣು ನನ್ನ ಅಕ್ಕನ ಮೇಲಿತ್ತು. ಓದಿದ್ದು: ಇತ್ತಂತೆ. ಎಂಟನೇ ತಾರೀಖು, ಮೂಲ ಪ್ರತಿ: ಬಸ್ಸಿನಡಿ ಬಿದ್ದರೆ...”

“ಸಾಕು ಮಾವ.”

“ಅದು ಚೆನ್ನಾಗಿತ್ತು ಕಣಮ್ಮ. ನಡೀತಾ ನಡೀತಾ ನೆನೆಸ್ಕೊಂಡು ನಕ್ಕೆ.”

ನಾನು ಅತ್ತೆಯನ್ನು ನೋಡಿದೆ. ಅವರ ಭುಜ ಕುಣಿಯುತ್ತಿತ್ತು. ಸದ್ದಿಲ್ಲದೆ ನಗಬಾರದು ಎಂದು ಡಾಕ್ಟರು ಹೇಳಿರಲಿಲ್ಲ. ಅಂದರೆ ಅತ್ತೆಗೂ ಗೊತ್ತಿತ್ತು! ಎರಡು ವಾರ ಈ ಮುದಿಜೋಡಿ ಒಂದು ಕಡೆ ತಮ್ಮ ಜಗಳವನ್ನೂ ಆಡಿಕೊಂಡು, ಇನ್ನೊಂದು ಕಡೆ ನನ್ನ ಆಟವನ್ನೂ ನೋಡಿಕೊಂಡು ಕೂತಿದ್ದರು.

“ನಿಮ್ಮಿಬ್ಬರಿಗೆ ಜಗಳ ಆಗದೇ ಇರಲಿ ಅಂತ ಹಾಗೆ ಮಾಡ್ದೆ,” ಎಂದೆ. ನನ್ನ ದನಿ ನನಗೇ ಚಿಕ್ಕ ಹುಡುಗಿಯದೆನಿಸಿತು.

“ಜಗಳ ತಪ್ಪಿಸಿಬಿಟ್ರೆ ನಾವು ದಿನವೆಲ್ಲ ಏನಮ್ಮ ಮಾಡೋದು?” ಎಂದರು ಮಾವ.

ಅತ್ತೆ ಹಲಗೆ ಒರೆಸಿ, ಈ ಸಲ ಸಣ್ಣ ಅಕ್ಷರದಲ್ಲಿ ಬರೆದು ನನ್ನ ಮುಂದೆ ಹಿಡಿದರು: “ನಾನು ಬೈಯುವುದು ಅವರನ್ನು. ನಿನಗೇಕೆ ಭಯ?”

ಅಷ್ಟರಲ್ಲಿ ಇವರು ಸ್ಪ್ಯಾನರ್ ಹಿಡಿದು ವಾಪಸ್ ಬಂದರು. “ನಲ್ಲಿ ಸರಿಯಾಗೇ ಇದೆಯಲ್ಲೇ. ಎಲ್ಲಿ ಸೋರ್ತಿದೆ?”

ಮಾವ ಕಿಟಕಿಯಾಚೆ ನೋಡಿದರು. ಅತ್ತೆ ಬಳಪ ನೋಡಿದರು. ಯಾರೂ ನನ್ನ ಸಹಾಯಕ್ಕೆ ಬರಲಿಲ್ಲ.

“ನಲ್ಲಿ ಸೋರ್ತಿಲ್ಲ,” ಎಂದೆ. “ನನಗೆ ಒಂದು ಕೆಲಸ ಬಂದಿದೆ. ಬೇರೆ ಊರಲ್ಲಿ. ಐದು ತಿಂಗಳು.”

ಇವರು ಸ್ಪ್ಯಾನರ್ ಕೆಳಗಿಟ್ಟರು. “ಯಾವಾಗ ಬಂತು?”

“ಹೋದ ತಿಂಗಳು ಇಪ್ಪತ್ತೆಂಟಕ್ಕೆ.”

“ಹದಿನೇಳು ದಿನ ಆಯ್ತು!”

“ಹೂಂ.”

“ಈ ಸಲ ಬೇಡ ಕಣೇ.”

ನೋಡಿ, ಗೊತ್ತಿತ್ತು ಎಂದುಕೊಂಡೆ. ಆಮೇಲೆ ಒಂದು ಪದ ಕಿವಿಗೆ ಚುಚ್ಚಿತು. “ಈ ಸಲ ಅಂದ್ರೆ? ಹೋದ ಸಲ ಮಾತ್ರ ಬೇಕು ಅಂದಿದ್ರಾ?”

“ಸರಿ ಅಂದಿದ್ನಲ್ಲ!”

“ಸರಿ ಅಂದು ಸ್ನಾನಕ್ಕೆ ಹೋದ್ರಿ.”

“ಸ್ನಾನದ ಹೊತ್ತಾಗಿತ್ತು, ಹೋದೆ! ಮಾರನೇ ದಿನ ನಿನಗೆ ಅಂತ ಸೂಟ್‌ಕೇಸ್ ತಂದಿದ್ನಲ್ಲ, ಕಂದು ಬಣ್ಣದ್ದು. ನೀನು ಅದರಲ್ಲಿ ಕಂಬಳಿ ತುಂಬಿಸಿ ಅಟ್ಟದ ಮೇಲೆ ಹಾಕಿದೆ. ಇವಳಿಗೆ ಹೋಗೋ ಮನಸ್ಸಿಲ್ಲ ಅಂದ್ಕೊಂಡು ನಾನೂ ಸುಮ್ಮನಾದೆ.”

ಆ ಸೂಟ್‌ಕೇಸನ್ನು ಇವರು ಯಾಕೆ ತಂದರೆಂದು ಹನ್ನೊಂದು ವರ್ಷ ನಾನು ಕೇಳಿಯೇ ಇರಲಿಲ್ಲ. ಕಚೇರಿಯ ಪ್ರವಾಸಕ್ಕೆಂದು ನಾನೇ ತೀರ್ಮಾನಿಸಿದ್ದೆ. ಇವರು ಹೇಳಿಯೂ ಇರಲಿಲ್ಲ.

ಮಾವ ನಿಧಾನವಾಗಿ ಎದ್ದು, “ಬಾರೇ, ಒಳಗೆ ಹೋಗೋಣ, ಇವರ ಪಾಟೀಸವಾಲು ಇನ್ನೂ ಇದೆ,” ಎಂದು ಅತ್ತೆಯ ಕೈ ಹಿಡಿದರು. ಇಬ್ಬರೂ ಒಳಗೆ ಹೋದರು. ಬಾಗಿಲು ಮಾತ್ರ ಮುಚ್ಚಲಿಲ್ಲ.

ಹದಿನೈದು, ಸೋಮವಾರ

ಕಂಬಳಿ ತೆಗೆದು ಸೂಟ್‌ಕೇಸ್ ಒರೆಸಿದೆ. ಹಿಡಿಗೆ ಅಂಗಡಿಯವನು ಕಟ್ಟಿದ ದಾರ ಇನ್ನೂ ಹಾಗೇ ಇತ್ತು.

ಇಷ್ಟೇ ಬರೆಯಲು ಆಗುತ್ತಿದೆ.

ಹದಿನೇಳು, ಬುಧವಾರ

ಜಗಳ, ಎರಡನೇ ಕಂತು. ಸಂಜೆ ಇವರು ಕಚೇರಿಯಿಂದ ಬಂದು ಬೂಟು ಬಿಚ್ಚುವ ಮೊದಲೇ ಶುರು.

ನನ್ನ ಮಾಮೂಲಿ ಚಾಳಿಯೆಂದರೆ ಇಂಥ ಹೊತ್ತಿನಲ್ಲಿ “ಹೋಗಲಿ ಬಿಡಿ” ಎಂದು ಅಡುಗೆಮನೆಗೆ ಹೋಗಿ ಪಾತ್ರೆ ಜೋರಾಗಿ ಇಡುವುದು. ಇವತ್ತು ಪಾತ್ರೆಗಳೆಲ್ಲ ಮೊದಲೇ ತೊಳೆದಾಗಿತ್ತು. ಹಾಗಾಗಿ ಅಲ್ಲೇ ಕೂತೆ.

“ಬೇಡ ಅಂದ್ರಲ್ಲ, ಯಾಕೆ ಬೇಡ? ನಾನೇ ಊಹಿಸಿಕೊಳ್ಳಲ್ಲ. ನೀವೇ ಹೇಳಿ.”

ಇವರು ಬೂಟಿನ ದಾರವನ್ನೇ ನೋಡುತ್ತಿದ್ದರು. “ಅಪ್ಪ ಅಮ್ಮ ಇಬ್ಬರನ್ನೂ ಒಬ್ಬನೇ ನೋಡ್ಕೊಳ್ಳೋಕೆ ನನಗೆ ಭಯ. ಹೋದ ವರ್ಷ ಅಪ್ಪ ಬಚ್ಚಲಲ್ಲಿ ಬಿದ್ದಾಗ ನೀನಿದ್ದೆ. ನಾನೊಬ್ಬನೇ ಇದ್ದಿದ್ರೆ ಏನು ಮಾಡ್ತಿದ್ನೋ. ಆಫೀಸಲ್ಲಿ ಊರೆಲ್ಲ ಬೈಯತ್ತೆ, ಮನೆಗೆ ಬಂದ್ರೆ ನೀನೂ ಇರಲ್ಲ. ಅಷ್ಟೇ. ಇನ್ನೇನೂ ಇಲ್ಲ.”

ಇಪ್ಪತ್ತಮೂರು ವರ್ಷದಲ್ಲಿ ಇವರು ಒಂದೇ ಉಸಿರಿಗೆ ಹೇಳಿದ ಅತಿ ಉದ್ದದ ಮಾತು. ಅದರಲ್ಲಿ ನಾನು ಮೊದಲೇ ಊಹಿಸಿಟ್ಟುಕೊಂಡದ್ದು ಒಂದೂ ಇರಲಿಲ್ಲ. ಹೆಂಡತಿ ದೊಡ್ಡವಳಾಗುತ್ತಾಳೆಂಬ ಅಸೂಯೆ ಇಲ್ಲ, ನನ್ನ ಕೆಲಸದ ಬಗ್ಗೆ ತಾತ್ಸಾರ ಇಲ್ಲ. ಇದ್ದದ್ದು ಬಚ್ಚಲಮನೆ.

“ಅಂದ್ರೆ ಅವರಿಬ್ಬರಿಗೆ ಜತೆ ಇಲ್ಲ ಅನ್ನೋದು ಒಂದು ಭಯ, ನಿಮಗೆ ನಾನಿಲ್ಲ ಅನ್ನೋದು ಇನ್ನೊಂದು. ಸರಿಯಾಗಿ ಕೇಳಿಸ್ಕೊಂಡ್ನಾ?”

“ಹೂಂ.”

“ಭಯ ಸುಳ್ಳು ಅಂತ ನಾನು ಹೇಳಲ್ಲ. ಆದ್ರೂ ನನಗೆ ಹೋಗಬೇಕು. ನಿಮಗೆ ಬೇಜಾರಾದ್ರೂ ಹೋಗಬೇಕು.”

“ನನಗೆ ಒಪ್ಪಿಗೆ ಇಲ್ಲ.”

“ಗೊತ್ತಾಯ್ತು.”

ಆಗ ಒಳಗಿನಿಂದ ಹಲಗೆಯ ಮೇಲೆ ಬಳಪ ಬಡಿಯುವ ಸದ್ದು. ಅತ್ತೆ ಹೊಸ್ತಿಲಲ್ಲಿ ನಿಂತು, ಸಣ್ಣ ಅಕ್ಷರದಲ್ಲಿ ತುಂಬಿದ್ದ ಹಲಗೆಯನ್ನು ಎತ್ತಿ ಹಿಡಿದರು. ಇವರು ಕಣ್ಣು ಕಿರಿದು ಮಾಡಿದರು; ಅತ್ತೆ ನನ್ನ ಕಡೆ ಬೆರಳು ತೋರಿಸಿದರು. ನಾನು ಓದಿದೆ:

“ನಮ್ಮನ್ನು ನೋಡಿಕೊಳ್ಳಲು ಇಷ್ಟೊಂದು ಭಯವಾದರೆ ನೀನೇ ಎಲ್ಲಾದರೂ ಹೋಗೋ. ಸೊಸೆ ಇರಲಿ, ಇಲ್ಲದಿರಲಿ, ನಾವೇನು ಬೆಕ್ಕಿನ ಮರಿಗಳಲ್ಲ. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಒಂದು ಹಿಡಿ ಹಾಕಿಸು ಎಂದು ವರ್ಷದಿಂದ ಬಡಿದುಕೊಳ್ಳುತ್ತಿದ್ದೇನೆ. ಊರಿಗೆಲ್ಲ ನೀರು ಕೊಡುವ ಎಂಜಿನಿಯರಿಗೆ ಒಂದು ಹಿಡಿ ಹಾಕಲು ಪುರುಸೊತ್ತಿಲ್ಲ. ನಾಚಿಕೆಯಾಗಬೇಕು.”

ಪೂರ್ಣವಿರಾಮದವರೆಗೆ ಓದಿದೆ.

ಇವರ ಮುಖ ಕೆಂಪಾಯಿತು. ಆಮೇಲೆ ಇವರು “ಅಮ್ಮ, ಅದು ನಿಜ,” ಎಂದರು. ಒಳಗಿನಿಂದ ಮಾವ, “ಅದನ್ನೂ ಬರೆದಿಟ್ಕೊಳ್ಳಮ್ಮ, ಅಪರೂಪ,” ಎಂದರು.

ಅತ್ತೆಗೆ ಅಂಕ ಕೇಳಿದೆ. “ಇದೇನು ಪರೀಕ್ಷೆಯೇ?” ಎಂದು ಬರೆದು ಹೋದರು.

ಹದಿನೆಂಟು, ಗುರುವಾರ

ಬೆಳಗ್ಗೆ ಏಳಕ್ಕೇ ಬಚ್ಚಲಲ್ಲಿ ಡ್ರಿಲ್ಲಿಂಗ್ ಸದ್ದು. ಇವರೇ ಮೂರು ಹಿಡಿ ಹಾಕಿದರು. ಒಂದು ವಕ್ರವಾಗಿದೆ. ಮಾವ ಅದೇ ಬೇಕು ಎಂದರು.

ನಾನು ಕೇಳಿದೆ, “ಒಪ್ಪಿಗೆ ಬಂತಾ?”

“ಇಲ್ಲ,” ಎಂದರು, ಬಾಯಲ್ಲಿ ಮೊಳೆ ಕಚ್ಚಿಕೊಂಡು. “ಒಪ್ಪಿಗೆ ಬೇರೆ, ಹಿಡಿ ಬೇರೆ.”

ಹದಿನೈದು ದಿನಕ್ಕೊಮ್ಮೆ ಶನಿವಾರ ಬರುತ್ತೇನೆ ಎಂದೆ. ವಾರಕ್ಕೊಮ್ಮೆ ಎಂದರು. ಅಷ್ಟು ದೂರ ಪ್ರತಿ ವಾರ ಆಗುವುದಿಲ್ಲ ಎಂದೆ. ಆಗುತ್ತದೆ ಎಂದರು. ಆಗುವುದಿಲ್ಲ ಎಂದೆ. ಕಾಫಿ ಆರಿಹೋಯಿತು. ಹದಿನೈದಕ್ಕೊಮ್ಮೆ ನಾನು, ನಡುವಿನ ವಾರ ಇವರೇ ಒಮ್ಮೆ ಅಲ್ಲಿಗೆ, ಎಂದು ನಿಂತಿತು. ಇವರು ಅಲ್ಲಿಗೆ ಬರುವ ದಿನ ಇಲ್ಲಿ ಹಗಲು ಕಾವಲಿಗೆ ಚಿಕ್ಕಮಾವ ಬರುತ್ತಾರೆ. ಅತ್ತೆ ಎದ್ದು ಕೂರುವುದಿಲ್ಲವಂತೆ.

ಇಪ್ಪತ್ತು, ಶನಿವಾರ

ಉತ್ತರ ಕಳಿಸಿದೆ. ಎರಡು ಸಾಲು. “ಬರುತ್ತೇನೆ. ಮುಂದಿನ ತಿಂಗಳು ಒಂದನೇ ತಾರೀಖಿನಿಂದ.”

ಕಳಿಸುವ ಮೊದಲು ಇವರಿಗೆ ತೋರಿಸಿದೆ. ಓದಿ, “ನನಗೆ ಇಷ್ಟ ಇಲ್ಲ,” ಎಂದರು. ಆಮೇಲೆ ಸೂಟ್‌ಕೇಸಿನ ಗಾಲಿಗೆ ಎಣ್ಣೆ ಹಾಕಲು ಕೂತರು.

ಇಪ್ಪತ್ತೆರಡು, ಸೋಮವಾರ

ಗಂಟಲು ಡಾಕ್ಟರು ಅತ್ತೆಗೆ ದಿನಕ್ಕೆ ಹತ್ತು ನಿಮಿಷ ಮಾತಾಡಲು ಅನುಮತಿ ಕೊಟ್ಟರು. ಆಸ್ಪತ್ರೆಯಲ್ಲಿ ಒಂದಕ್ಷರ ಆಡಲಿಲ್ಲ. ಆಟೋದಲ್ಲೂ ಆಡಲಿಲ್ಲ. ಮನೆಗೆ ಬಂದು, ಮಂಚದ ಮೇಲೆ ಕೂತು, ಗಡಿಯಾರ ನೋಡಿಕೊಂಡು, ಮಾವ ಕಣ್ಣಿಗೆ ಹನಿ ಹಾಕುವಾಗ ಮುಖ ಎಷ್ಟು ತಪ್ಪಾಗಿ ಎತ್ತುತ್ತಾರೆ ಎಂಬುದರ ಮೇಲೆ ಹತ್ತಕ್ಕೆ ಹತ್ತು ನಿಮಿಷ ಖರ್ಚು ಮಾಡಿದರು. ದನಿ ತೆಳ್ಳಗೆ, ಇಂಪಾಗಿ, ಹುಡುಗಿಯದರಂತಿತ್ತು.

ಮಾವ ಕಂಗಾಲಾದರು. “ಈ ದನೀಲಿ ಬೈದ್ರೆ ನಾನು ಹೇಗೆ ನಂಬಲಿ?”

ಮುಂದಿನ ತಿಂಗಳು, ಒಂಬತ್ತು, ಮಂಗಳವಾರ

ಹೊಸ ಊರು, ಹೊಸ ಮೇಜು. ಕಿಟಕಿಯಿಂದ ಸೈಕಲ್ ದುರಸ್ತಿ ಅಂಗಡಿ ಕಾಣುತ್ತದೆ. ನಾವು ಐದು ಜನ ಇನ್ನೂ ಮೊದಲ ಅಕ್ಷರದಲ್ಲೇ ಇದ್ದೇವೆ. ಬೆಳಗ್ಗೆ ನಿರ್ದೇಶಕರು ತಾವೇ ಬರೆದ ಮುನ್ನುಡಿ ಕೊಟ್ಟು ಅಭಿಪ್ರಾಯ ಕೇಳಿದರು. “ಮಕ್ಕಳಿಗೆ ಇದು ಅರ್ಥ ಆಗಲ್ಲ ಸಾರ್, ಎರಡನೇ ಪುಟವಂತೂ ನನಗೂ ಆಗಲಿಲ್ಲ,” ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮಧ್ಯಾಹ್ನ ಬೇರೆ ಬರೆದು ತಂದರು, ಪರವಾಗಿಲ್ಲ.

ಊಟದ ಹೊತ್ತಿಗೆ ಇವರ ಫೋನು.

“ಇವತ್ತು ನಿನ್ನ ಮೇಲೆ ನನಗೆ ಕೋಪ ಇದೆ.”

“ಎಷ್ಟು?”

“ತುಂಬ. ಅಪ್ಪನ ಓದೋ ಕನ್ನಡಕ ಬಂತು. ಈಗ ಅಮ್ಮ ಸಣ್ಣ ಅಕ್ಷರದಲ್ಲೂ ಬೈದು ಬರೀತಾಳೆ, ದೊಡ್ಡ ದನೀಲೂ ಬೈತಾಳೆ. ಇಬ್ಬರೂ ಸೇರಿ ನನ್ನ ಅಡುಗೆಗೆ ಅಂಕ ಕೊಡ್ತಿದ್ದಾರೆ. ಮೇಲಿನ ಬಡಾವಣೇಲಿ ಮತ್ತೆ ಕೊಳವೆ ಒಡೀತು. ನೀನು ಅಲ್ಲಿ ಪದ ಎಣಿಸ್ಕೊಂಡು ತಣ್ಣಗೆ ಕೂತಿದ್ದೀಯ.”

“ಹೂಂ. ಇನ್ನೂ?”

“ಇನ್ನೂ ಅಂದ್ರೆ?”

“ಮುಗಿಸಿ. ಆಮೇಲೆ ನನ್ನದಿದೆ.”

“ನಿನ್ನದೇನು?”

“ನಿನ್ನೆ ಫೋನ್ ಮಾಡ್ತೀನಿ ಅಂದು ಮಾಡಲಿಲ್ಲ. ಎರಡು ಗಂಟೆ ಕಾದೆ.”

“ಕೊಳವೆ ಒಡೆದಿತ್ತು ಅಂದ್ನಲ್ಲೇ.”

“ಒಡೆದಿದೆ ಅಂತ ಒಂದು ಮಾತು ಹೇಳಬಹುದಿತ್ತು.”

ಆ ಕಡೆ ಯಾರೋ ಇವರನ್ನು ಕೂಗಿದರು. ಇವರು “ಬಂದೆ ಇರಪ್ಪ” ಎಂದು ಅವರಿಗೆ ಹೇಳಿ, ಫೋನಿಗೆ ಹತ್ತಿರವಾಗಿ, “ಹೇಳಬಹುದಿತ್ತು. ತಪ್ಪಾಯ್ತು,” ಎಂದರು.

ಬರೋಬ್ಬರಿ ಇಪ್ಪತ್ತು ನಿಮಿಷ ಜಗಳ ಆಡಿದೆವು. ನನ್ನ ಡಬ್ಬಿಯ ಊಟ ಹಾಗೇ ಉಳಿಯಿತು. ಫೋನ್ ಇಡುವ ಮೊದಲು ಇವರು, ತಮ್ಮ ಕಡೆ ಇನ್ನೂ ಮೂರು ದೂರು ಬಾಕಿ ಇವೆ ಎಂದರು. ನನ್ನ ಕಡೆ ಏಳಿವೆ ಎಂದೆ.

“ಏಳಾ?” ಎಂದರು. ದನಿ ಒಂಥರಾ ಇತ್ತು.

“ಬೇಜಾರಾ, ಖುಷಿನಾ?” ಎಂದು ಕೇಳಿದೆ.

“ಖುಷಿ ಕಣೇ,” ಎಂದರು.